ಬಿಸಿಲು ಕುಡಿಯುವ ನೀರು

ಬಾದಾಮಿಯ ಕೆರೆಯಿಂದ ದ್ರಾಕ್ಷಿಯ ಪಡದವರೆಗೆ ಒಂದು ದಿನದ ಪ್ರವಾಸ

ಬಾಗಲಕೋಟೆಯ ಸುತ್ತಲಿನ ನಾಡಿನಲ್ಲಿ ಒಂದು ವರ್ಷದಲ್ಲಿ ಬೀಳುವ ಮಳೆಯನ್ನೆಲ್ಲ, ಹರಿದುಹೋಗದಂತೆಯೂ ಇಂಗಿಹೋಗದಂತೆಯೂ ನೆಲದ ಮೇಲೆ ನಿಲ್ಲಿಸಲು ಸಾಧ್ಯವಾದರೆ, ಅದರ ಆಳ ೬೦೦ ಮಿಲಿಮೀಟರಿಗೂ ಕಡಿಮೆಯೇ ಆದೀತು. ಅದೇ ನಾಡಿನ ತೆರೆದ ಕೆರೆಯೊಂದರ ಮೈಯಿಂದ ಬಿಸಿಲೂ ಗಾಳಿಯೂ ಕೂಡಿ ಒಂದು ವರ್ಷದಲ್ಲಿ ಎತ್ತಿಕೊಂಡು ಹೋಗುವ ನೀರಿನ ಆಳವಾದರೋ ಒಂದೂವರೆ ಮೀಟರಿಗೂ ಮಿಗಿಲು. ಆದಾಯಕ್ಕಿಂತ ವೆಚ್ಚ ಎರಡೂವರೆ ಪಾಲು ಹೆಚ್ಚಾದ ಸಂಸಾರ ಹೇಗೆ ನಡೆದೀತು? ಹೀಗಿದ್ದೂ ಇದೇ ನಾಡಿನಲ್ಲಿ ಒಂದು ಸಾಮ್ರಾಜ್ಯದ ರಾಜಧಾನಿ ಎರಡು ಶತಮಾನಗಳ ಕಾಲ ಬಾಳಿತು. ಇದೇ ನಾಡಿನಲ್ಲಿ ಇಂದು ರಸಭರಿತವಾದ ದ್ರಾಕ್ಷಿ ಬೆಳೆಯುತ್ತಿದೆ. ಈ ವಿಚಿತ್ರದ ಲೆಕ್ಕವನ್ನು ಕಣ್ಣಾರೆ ಕಂಡು ಬರೋಣವೆಂದು ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ನಮ್ಮ ಕಾಲೇಜಿನ ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳೊಡನೆ ನಾನು ಬಾದಾಮಿಗೆ ಹೊರಟೆನು.

ನಮ್ಮೊಡನೆ ಇದ್ದ ಉಪಕರಣಗಳು ಬಹಳ ಸರಳವಾದವು: ಪ್ರಯೋಗಶಾಲೆಯ ಎರಡು ಉಷ್ಣಮಾಪಕಗಳು, ಒಂದು ತುಂಡು ಮಲ್‌ಮಲ್ ಬಟ್ಟೆ, ಒಂದು ಅಳತೆಪಟ್ಟಿ, ಒಂದು ಟಿಪ್ಪಣಿ ಪುಸ್ತಕ. ಒಂದು ಉಷ್ಣಮಾಪಕದ ಬುರುಡೆಯನ್ನು ಹಾಗೆಯೇ ಬಿಟ್ಟು, ಇನ್ನೊಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿದರೆ ಆರ್ದ್ರತಾಮಾಪಕ ಸಿದ್ಧವಾಯಿತು. ಒದ್ದೆಬಟ್ಟೆಯ ನೀರು ಆವಿಯಾಗುವಾಗ ಬುರುಡೆಯ ಶಾಖವನ್ನು ಕಸಿದುಕೊಳ್ಳುತ್ತದೆ. ಆದುದರಿಂದ ಆ ಉಷ್ಣಮಾಪಕ ಕಡಿಮೆ ಉಷ್ಣತೆಯನ್ನು ತೋರಿಸುತ್ತದೆ. ಗಾಳಿ ಒಣಗಿದಷ್ಟೂ ಎರಡರ ಅಂತರ ಹೆಚ್ಚು. ಆ ಅಂತರವೇ ಗಾಳಿಯ ಬಾಯಾರಿಕೆಯ ಅಳತೆ ಎಂದು ತಿಳಿದರೆ ಸಾಕು.

ಬಂಡೆಯ ಮಾಡಿನ ಕೆರೆ

ಬಾದಾಮಿಯ ಹಳೆಯ ಹೆಸರು ವಾತಾಪಿ. ಉತ್ತರದ ಬೆಟ್ಟದ ಬಂಡೆಯೊಂದರ ಮೇಲೆ ಶಕವರ್ಷ ೪೬೫ರ, ಎಂದರೆ ಕ್ರಿ. ಶ. ೫೪೩ರ ಶಾಸನವೊಂದಿದೆ. ಚಾಲುಕ್ಯ ವಲ್ಲಭೇಶ್ವರನು, ಅರ್ಥಾತ್ ಒಂದನೆಯ ಪುಲಕೇಶಿಯು, ವಾತಾಪಿಯ ಗಿರಿಯನ್ನು ದುರ್ಗವನ್ನಾಗಿ ಮಾಡಿದ ಸಂಗತಿ ಅದರಲ್ಲಿದೆ. ದಕ್ಷಿಣದ ಬೆಟ್ಟದಲ್ಲಿ ಕೊರೆದ ಗುಹಾಲಯಗಳಲ್ಲಿ ಮೂರನೆಯದಕ್ಕೆ ಮಂಗಲೇಶನ ಕ್ರಿ. ಶ. ೫೭೮ರ ಶಾಸನವಿದೆ. ಈ ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ಪಶ್ಚಿಮಕ್ಕೆ ಏರಿ, ಊರು; ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯಗಳು; ಮೂರು ಕಡೆಗೂ ಕೆಂಪು ಮರಳುಶಿಲೆಯ ಕಡಿದಾದ ಗೋಡೆಗಳು. ನಾವು ಹೋದಾಗ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಸಪ್ಪಳ ಎದುರಿನ ಬಂಡೆಗೆ ಬಡಿದು ಮರಳಿ ಬರುತ್ತಿದ್ದಿತು.

ಬಾದಾಮಿಗೆ ಬಂದವರು ಸಾಮಾನ್ಯವಾಗಿ ಮೊದಲು ಗುಹೆಗಳನ್ನು ನೋಡಿ, ಸಮಯ ಮಿಕ್ಕರೆ ಕೆರೆಯ ಬಳಿಗೆ ಬರುತ್ತಾರೆ. ನಾವು ಮೊದಲು ಕೆರೆಗೆ ಹೋದೆವು. ಹದಿನೆಂಟು ಕೈಗಳ ನಟರಾಜನನ್ನು ಕಡೆದ ಶಿಲ್ಪಿಗೂ ಪ್ರತಿದಿನ ಕುಡಿಯಲು ನೀರು ಬೇಕಷ್ಟೆ!

ಮೆಟ್ಟಿಲ ಮೇಲೆ ಕುಳಿತು ಮೊದಲ ಲೆಕ್ಕವನ್ನು ಮಾಡಿದೆವು. ನಿರಭ್ರವಾದ ಮಾರ್ಚ್ ದಿನವೊಂದರಲ್ಲಿ ಒಂದು ಚದರ ಮೀಟರ್ ಮೇಲ್ಮೈಯ ಮೇಲೆ ಬೀಳುವ ಸೌರಶಕ್ತಿ ಸುಮಾರು ಆರೂವರೆ ಕಿಲೋವಾಟ್-ಗಂಟೆ. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಆರೂವರೆ ಯೂನಿಟ್. ಸಾಮಾನ್ಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರನ್ನು ಆವಿಯನ್ನಾಗಿಸಲು ಸುಮಾರು ೫೮೦ ಕ್ಯಾಲೊರಿ ಗುಪ್ತೋಷ್ಣ ಬೇಕು. ಒಂದು ಲೀಟರಿಗೆ ಯೂನಿಟ್ಟಿನ ಮೂರನೆಯ ಎರಡು ಭಾಗ. ಬಿದ್ದ ಬಿಸಿಲೆಲ್ಲವೂ ಇದೊಂದೇ ಕೆಲಸಕ್ಕೆ ವಿನಿಯೋಗವಾದರೆ ಚದರ ಮೀಟರಿಗೆ ಒಂಬತ್ತೂವರೆ ಲೀಟರ್ ನೀರು ಮಾಯವಾಗಬೇಕು. ಎಂದರೆ ಕೆರೆ ಒಂದೇ ದಿನದಲ್ಲಿ ಒಂಬತ್ತೂವರೆ ಮಿಲಿಮೀಟರ್ ಇಳಿಯಬೇಕು. ಆದರೆ ಬಿಸಿಲಿನ ಒಂದು ಭಾಗ ಪ್ರತಿಫಲಿಸಿ ಹೋಗುತ್ತದೆ, ಇನ್ನೊಂದು ಭಾಗ ಶಾಖವಾಗಿ ಆಕಾಶಕ್ಕೆ ಮರಳುತ್ತದೆ. ಆದುದರಿಂದ ಏಳು ಮಿಲಿಮೀಟರೆಂದು ಹಿಡಿದೆವು.

“ದಿನಕ್ಕೆ ಏಳು ಮಿಲಿಮೀಟರ್ ಅಂದರೆ ಏನು ಮಹಾ ಸರ್?” ಎಂದನೊಬ್ಬ.

ಅವನಿಗೆ ಇನ್ನೊಂದು ಲೆಕ್ಕವನ್ನು ಕೊಟ್ಟೆನು. ಎರಡು ಕೆರೆಗಳಿವೆಯೆಂದು ಭಾವಿಸು. ಒಂದರ ವಿಸ್ತೀರ್ಣ ಒಂದು ಹೆಕ್ಟೇರ್, ಆಳ ೬ ಮೀಟರ್. ಮತ್ತೊಂದರ ವಿಸ್ತೀರ್ಣ ಮೂರು ಹೆಕ್ಟೇರ್, ಆಳ ೨ ಮೀಟರ್. ಎರಡರಲ್ಲಿಯೂ ನೀರು ೬೦,೦೦೦ ಘನ ಮೀಟರ್. ಮಳೆಯಿಲ್ಲದ ೧೫೦ ದಿನಗಳಲ್ಲಿ ಎರಡರ ಮಟ್ಟವೂ ೧.೦೫ ಮೀಟರ್ ಇಳಿಯುತ್ತದೆ. ಆಳವಾದ ಕೆರೆ ಕಳೆದುಕೊಳ್ಳುವುದು ೧೦,೫೦೦ ಘನ ಮೀಟರ್, ತನ್ನ ನೀರಿನ ಆರನೆಯ ಒಂದು ಭಾಗದಷ್ಟು. ಅಗಲವಾದ ಕೆರೆ ಕಳೆದುಕೊಳ್ಳುವುದು ೩೧,೫೦೦ ಘನ ಮೀಟರ್, ಅರ್ಧಕ್ಕಿಂತ ಹೆಚ್ಚು! ಬಿಸಿಲಿಗೆ ಆಳ ಕಾಣುವುದಿಲ್ಲ, ವಿಸ್ತಾರ ಮಾತ್ರ ಕಾಣುತ್ತದೆ. ಬಂಡೆಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸುವುದರ ಲಾಭ ಇದೇ. ಅಲ್ಲದೆ ಎತ್ತರದ ಬಂಡೆಗಳು ಹೊತ್ತಿಗೆ ತಕ್ಕಂತೆ ನೆರಳು ಕೊಡುತ್ತವೆ. ಬೀಸುವ ಗಾಳಿಗೂ ಅಡ್ಡ ನಿಲ್ಲುತ್ತವೆ.

ಇದು ವೆಚ್ಚದ ಮಾತಾಯಿತು. ಆದಾಯವೆಲ್ಲಿಂದ? ಕೆರೆಯ ಮೇಲೆ ನೇರವಾಗಿ ಬೀಳುವ ಮಳೆ ೦.೬ ಮೀಟರ್, ಆರಿಹೋಗುವುದು ೧.೫ ಮೀಟರ್, ಕೊರತೆ ೦.೯ ಮೀಟರ್. ಸುತ್ತಲಿನ ಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ಅರ್ಧ, ಅಂದರೆ ೦.೩ ಮೀಟರ್, ಕೆರೆಗೆ ಹರಿದು ಬರುವುದೆಂದಿಟ್ಟುಕೊಂಡರೆ, ಬಿಸಿಲಿನ ಸಾಲವನ್ನು ತೀರಿಸುವುದಕ್ಕೇ ಕೆರೆಯ ಮೂರರಷ್ಟು ವಿಸ್ತಾರವಾದ ಬಂಡೆಯ ಮಾಡು ಬೇಕು. ಜನ ಕುಡಿಯುವ ಮೊದಲ ಕೊಡ ನೀರು ಅದರಾಚೆಯ ಬಂಡೆಯಿಂದ ಬರಬೇಕು. ಮಳೆಗಾಲದಲ್ಲಿ ಬಾದಾಮಿಗೆ ಬಂದವರು ಈ ಮಾಡು ಕೆಲಸ ಮಾಡುವುದನ್ನು ನೋಡಬಹುದು. ಜೋರಾಗಿ ಮಳೆ ಸುರಿದಾಗ ಬಂಡೆಯ ನೆತ್ತಿಯಿಂದ ಅಕ್ಕ-ತಂಗಿಯರೆಂಬ ಜೋಡಿ ಜಲಪಾತಗಳು ಧುಮುಕುತ್ತವೆ. ನೋಡುವವರಿಗೆ ಅದು ಚೆಲುವು. ಕೆರೆಗೆ ಅದು ವರ್ಷದ ಸಂಬಳ.

ಹನ್ನೊಂದೂವರೆಗೆ ಉಷ್ಣಮಾಪಕಗಳನ್ನು ನೆರಳಿನಲ್ಲಿ ಬೀಸಿ ನೋಡಿದೆವು. ಒಣ ಬುರುಡೆ ೩೫ ಡಿಗ್ರಿ, ಒದ್ದೆ ಬುರುಡೆ ೨೧ ಡಿಗ್ರಿ ಸೆಂಟಿಗ್ರೇಡ್. ಕೋಷ್ಟಕದ ಪ್ರಕಾರ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೯. ೩೫ ಡಿಗ್ರಿಯಲ್ಲಿ ಗಾಳಿ ಸಂತೃಪ್ತವಾಗಿದ್ದರೆ ಆವಿಯ ಒತ್ತಡ ಪಾದರಸದ ೪೨ ಮಿಲಿಮೀಟರ್ ಇರುತ್ತಿತ್ತು. ಇದ್ದುದು ೧೨ ಮಾತ್ರ. ಉಳಿದ ೩೦ ಮಿಲಿಮೀಟರ್ ಆ ಹೊತ್ತಿನ ಗಾಳಿಯ ಬಾಯಾರಿಕೆ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಸಂಜೆ ಅದು ಮತ್ತೆ ನಮಗೆ ಬೇಕಾಗುವುದು.

ಎರಡು ಕಲ್ಲು, ಎರಡು ಹನಿ

ನಮ್ಮ ತಂಡದಲ್ಲಿ ಇಳಕಲ್ಲಿನ ವಿದ್ಯಾರ್ಥಿಯೊಬ್ಬನಿದ್ದನು. ಇಳಕಲ್ಲು ಸೀರೆಗೆ ಪ್ರಸಿದ್ಧವಾದಂತೆ ಕೆಂಪು ಗ್ರಾನೈಟ್ ಶಿಲೆಗೂ ಪ್ರಸಿದ್ಧ. ನಾನು ಮೊದಲೇ ಹೇಳಿದ್ದಂತೆ ಅವನು ನುಣುಪು ಮಾಡಿದ ಒಂದು ಗ್ರಾನೈಟ್ ಚೂರನ್ನು ತಂದಿದ್ದನು. ಸ್ಮಾರಕಗಳಿಂದ ದೂರ, ರಸ್ತೆಯ ಬದಿಯಲ್ಲಿ ಬಿದ್ದಿದ್ದ ಸವೆದ ಮರಳುಶಿಲೆಯ ತುಣುಕೊಂದನ್ನು ಅದರ ಪಕ್ಕದಲ್ಲಿಟ್ಟು ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟೆವು. ಗ್ರಾನೈಟಿನ ಮೇಲೆ ಹನಿ ಮುತ್ತಿನಂತೆ ನಿಂತಿತು. ಮರಳುಶಿಲೆಯ ಮೇಲೆ ನಿಧಾನವಾಗಿ ಹರಡಿ ಒಳಕ್ಕೆ ಇಳಿಯಿತು.

ಕಾರಣ ಅವುಗಳ ಜನ್ಮವೃತ್ತಾಂತದಲ್ಲಿದೆ. ಗ್ರಾನೈಟ್ ನೆಲದಾಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದದ್ದು. ಅದರ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ನಡುವೆ ತೆರಪಿಲ್ಲ. ಬಾದಾಮಿಯ ಮರಳುಶಿಲೆಯಾದರೋ ಪುರಾತನ ನದಿಗಳು ಹೊತ್ತು ತಂದ ಮರಳು ಪದರಪದರವಾಗಿ ಕುಳಿತು ಬೆಸೆದುಕೊಂಡದ್ದು. ಗುಹೆಗಳ ಗೋಡೆಗಳಲ್ಲಿ ಓರೆಯಾಗಿ ಸಾಗುವ ಪದರಗಳನ್ನು ಗಮನಿಸಿದರೆ ಆ ಹೊಳೆಗಳ ಹರಿವಿನ ಗುರುತು ಕಾಣುತ್ತದೆ. ಈ ಪ್ರದೇಶದ ಶಿಲೆಗಳ ವಿಸ್ತಾರವಾದ ವರ್ಣನೆಯನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ೧೮೭೬ರಲ್ಲಿಯೇ ಪ್ರಕಟಿಸಿದ್ದನು. ಸವೆದ ಮರಳುಶಿಲೆಯಲ್ಲಿ ಕಣಗಳ ನಡುವೆ ಕೂದಲೆಳೆಯಂಥ ಸಂದುಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆಯೇ ಈ ಸಂದುಗಳು ಕೇಶಾಕರ್ಷಣೆಯಿಂದ ನೀರನ್ನು ಎಳೆದುಕೊಳ್ಳುತ್ತವೆ.

“ಹಾಗಾದರೆ ಬಂಡೆಯೇ ಮಳೆಯನ್ನು ಕುಡಿದುಬಿಡಬೇಕಲ್ಲ? ಕೆರೆಗೆ ಹೇಗೆ ಹರಿಯುತ್ತದೆ?” ಎಂದು ಇಳಕಲ್ಲಿನ ಹುಡುಗ ಕೇಳಿದನು. ಪ್ರಶ್ನೆ ಒಳ್ಳೆಯದು. ಉತ್ತರವಿರುವುದು ವೇಗದಲ್ಲಿ. ಒಂದು ಹನಿ ಇಂಗಲು ನಿಮಿಷಗಳು ಬೇಕಾದವು. ಜಡಿಮಳೆ ಅಷ್ಟು ಹೊತ್ತು ಕಾಯುವುದಿಲ್ಲ. ಬಹುಭಾಗ ಬರಿಯ ಬಂಡೆಯ ಮೇಲೆ ಹರಿದು ಕೆರೆ ಸೇರುತ್ತದೆ. ಬಿರುಕುಗಳಲ್ಲಿ ಇಳಿದ ಸ್ವಲ್ಪ ಭಾಗ ಬಿಸಿಲಿನ ಕಣ್ಣಿಗೆ ಬೀಳದೆ ನಿಧಾನವಾಗಿ ಜಿನುಗುತ್ತದೆ. ಗ್ರಾನೈಟಿನ ನಾಡಿನಲ್ಲಿ ನೆಲದಡಿಯ ನೀರಿಗೆ ಬಿರುಕುಗಳೇ ಮನೆ. ಕೊಳವೆಬಾವಿ ಬಿರುಕಿಗೆ ತಗುಲಿದರೆ ನೀರು, ಇಲ್ಲವಾದರೆ ಬರಿಯ ಧೂಳು. ಒಂದೇ ಹೊಲದಲ್ಲಿ ಹತ್ತು ಮಾರು ಅಂತರದ ಎರಡು ಬಾವಿಗಳಲ್ಲಿ ಒಂದು ತುಂಬಿ ಒಂದು ಬತ್ತುವುದಕ್ಕೆ ದೈವವನ್ನು ದೂರಬೇಕಾಗಿಲ್ಲ.

ಮಡಕೆಯ ಮೊಸರು

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋದೆವು. ದೇವಸ್ಥಾನದ ಮುಂದೆ ಬುಟ್ಟಿಗಳನ್ನಿಟ್ಟುಕೊಂಡು ಕುಳಿತ ತಾಯಂದಿರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮಡಕೆಯ ಮೊಸರು ಬಡಿಸಿದರು. ಅಂಥ ಬಿಸಿಲಿನಲ್ಲಿಯೂ ಮೊಸರು ತಣ್ಣಗಿದ್ದಿತು. ವಿದ್ಯಾರ್ಥಿಯೊಬ್ಬನು ಉಷ್ಣಮಾಪಕವನ್ನು ಕೈಗೆ ತೆಗೆದುಕೊಂಡು, “ಅವ್ವಾ, ನಿಮ್ಮ ನೀರಿನ ಗಡಿಗಿಯೊಳಗ ಒಂದ್ ಸಲ ಇಡ್ಲೇನ್ರಿ?” ಎಂದು ಕೇಳಿದನು. “ಇಡಪಾ, ಆದ್ರ ಒಡದಗಿಡದಿ ಮತ್ತ!” ಎಂದರು ಆಕೆ.

ಮಡಕೆಯೂ ಒಂದು ಒದ್ದೆ ಬುರುಡೆಯೇ. ಅದರ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತ ಒಳಗಿನ ಶಾಖವನ್ನು ಸೆಳೆಯುತ್ತದೆ. ಎಷ್ಟೇ ಗಾಳಿ ಬೀಸಿದರೂ ಮಡಕೆಯ ನೀರು ಒದ್ದೆ ಬುರುಡೆ ತೋರಿಸುವ ಉಷ್ಣತೆಗಿಂತ ಕೆಳಗೆ ಇಳಿಯಲಾರದು. ಅದು ಗಾಳಿ ಹಾಕಿದ ಗಡಿ. ಕೆರೆಯಲ್ಲಿ ನಮಗೆ ನಷ್ಟವೆಂದು ತೋರಿದ ಬಾಷ್ಪೀಭವನ ಇಲ್ಲಿ ಲಾಭವಾಗಿತ್ತು. ಅದೇ ಲಾಭ ಇನ್ನೂ ದೊಡ್ಡ ಪ್ರಮಾಣದಲ್ಲಿ ನಮ್ಮನ್ನು ದ್ರಾಕ್ಷಿಯ ತೋಟದಲ್ಲಿ ಕಾದಿತ್ತು.

ಪಡದೊಳಗೆ

ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರ ದ್ರಾಕ್ಷಿ ತೋಟ ಬಾಗಲಕೋಟೆಗೆ ಮರಳುವ ದಾರಿಯಿಂದ ಸ್ವಲ್ಪ ಒಳಕ್ಕೆ ಇದೆ. ನಮ್ಮ ಕಡೆ ದ್ರಾಕ್ಷಿಯ ತೋಟಕ್ಕೆ ಪಡವೆಂದು ಹೆಸರು. ಅವರಿಗೆ ಎರಡು ಎಕರೆ ಪಡ. ಬೆಳೆದಿದ್ದುದು ಥಾಮ್ಸನ್ ಸೀಡ್‌ಲೆಸ್ ಜಾತಿ, ಬೀಜವಿಲ್ಲದ್ದು. ಶೀತದೇಶಗಳಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ತಾನಾಗಿಯೇ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಆ ಚಳಿಯಿಲ್ಲ. ಆದುದರಿಂದ ರೈತನೇ ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಮತ್ತೊಮ್ಮೆ ಬಳ್ಳಿಯನ್ನು ಸವರಬೇಕು. ಇದಕ್ಕೆ ಚಾಟ್ನಿ ಎನ್ನುತ್ತಾರೆ. ಮೊದಲ ಚಾಟ್ನಿ ಫಲ ಕೊಡುವ ಕಡ್ಡಿಗಳನ್ನು ಬೆಳೆಸುವುದಕ್ಕೆ, ಎರಡನೆಯದು ಹಣ್ಣಿಗೆ. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಕೊಯ್ಲು.

ಚಾಲುಕ್ಯರ ಕಾಲದವರಿಗೆ ದ್ರಾಕ್ಷಿ ಗೊತ್ತಿತ್ತೆ ಎಂದು ಒಬ್ಬಳು ಕೇಳಿದಳು. ಇಮ್ಮಡಿ ಪುಲಕೇಶಿಯ ಆಳ್ವಿಕೆಯಲ್ಲಿ ಅವನ ರಾಜ್ಯವನ್ನು ಸಂದರ್ಶಿಸಿದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನು, ಭಾರತದ ಕ್ಷತ್ರಿಯರು ದ್ರಾಕ್ಷಿಯ ಹಾಗೂ ಕಬ್ಬಿನ ರಸದ ಪಾನೀಯಗಳನ್ನು ಸೇವಿಸುವರೆಂದು ಬರೆದಿದ್ದಾನೆ. ಆದರೆ ಇಂದಿನ ಪಡಗಳ ಬೀಜರಹಿತ ಜಾತಿಗಳು ಬಹಳ ಈಚಿನವು.

ಪಡಕ್ಕೆ ನೀರು ಕೊಳವೆಬಾವಿಯಿಂದ. ಅದೂ ಸಾಲಿನುದ್ದಕ್ಕೆ ಹಾಸಿದ ಕರಿಯ ಕೊಳವೆಗಳಿಂದ ಬುಡಕ್ಕೆ ಹನಿಹನಿಯಾಗಿ. ಹುನಗುಂದದ ಹುಡುಗನಿಗೆ ಇದು ಹೊಸದಾಗಿರಲಿಲ್ಲ. ಅವನ ತಾಲೂಕಿನ ರಾಮಥಾಳದ ಹನಿ ನೀರಾವರಿ ಯೋಜನೆಯನ್ನು ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ೨೪,೦೦೦ ಹೆಕ್ಟೇರಿಗೆ ಹನಿಸುವ ಉದ್ದೇಶದಿಂದ ರೂಪಿಸಲಾಯಿತು. ಹನಿ ನೀರಾವರಿಯ ತತ್ತ್ವ ಬಾದಾಮಿಯ ಕೆರೆಯ ತತ್ತ್ವವೇ: ಬಿಸಿಲಿಗೆ ತೋರಿಸುವ ಒದ್ದೆಯ ವಿಸ್ತಾರವನ್ನು ಕಿರಿದುಗೊಳಿಸುವುದು. ಕೆರೆ ಕಣಿವೆಯಲ್ಲಿ ಅಡಗುತ್ತದೆ. ಹನಿ ಬಳ್ಳಿಯ ನೆರಳಿನಲ್ಲಿ ಅಡಗುತ್ತದೆ.

ತೋಟದ ಯಜಮಾನರು ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ವಿದ್ಯಾರ್ಥಿಗಳು ಬರೆದುಕೊಂಡರು. ವರ್ಷದ ಎಲ್ಲ ದಿನಗಳ ಸರಾಸರಿ ಹಿಡಿದರೆ ಎಕರೆಗೆ ದಿನಕ್ಕೆ ೮,೦೦೦ ಲೀಟರ್. ಒಳ್ಳೆಯ ವರ್ಷದಲ್ಲಿ ಎಕರೆಗೆ ೧೦ ಟನ್ ಹಣ್ಣು. ಹಾಗಿದ್ದರೆ ವರ್ಷಕ್ಕೆ ೨೯ ಲಕ್ಷ ಲೀಟರ್ ನೀರು, ಕಿಲೋ ಹಣ್ಣಿಗೆ ೨೯೦ ಲೀಟರ್.

ಬೂದಿ ಮತ್ತು ಎಣ್ಣೆ

ಪಡದ ಪಕ್ಕದಲ್ಲಿ ಒಣದ್ರಾಕ್ಷಿಯ ಶೆಡ್ಡು. ಮೇಲೆ ಮಾಡು, ಬದಿಗಳೆಲ್ಲ ತೆರೆದಿವೆ. ಒಳಗೆ ಒಂದರ ಮೇಲೊಂದರಂತೆ ಬಲೆಯ ಅಂತಸ್ತುಗಳು. ಅವುಗಳ ಮೇಲೆ ಹರಡಿದ ದ್ರಾಕ್ಷಿ. ಆ ದಿನಕ್ಕೆ ಒಂಬತ್ತನೆಯ ದಿನ. ಇನ್ನೂ ಐದಾರು ದಿನ ಒಣಗಬೇಕಾಗಿತ್ತು.

ಇಲ್ಲಿ ಒಂದು ಕುತೂಹಲಕರ ಸಮಸ್ಯೆಯಿದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದುಬಣ್ಣದ ತೆಳುವಾದ ಮೇಣದ ಲೇಪವಿರುವುದನ್ನು ಎಲ್ಲರೂ ಕಂಡಿದ್ದೇವೆ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತ ಮೇಣದ ಹಲ್ಲೆಗಳು ಒಳಗಿನ ನೀರು ಹೊರಗೆ ಹೋಗದಂತೆ ಕಾಯುತ್ತವೆ. ಬಳ್ಳಿಯಲ್ಲಿರುವಾಗ ಇದು ಹಣ್ಣಿನ ಕವಚ. ಒಣಗಿಸುವವನಿಗೆ ಇದೇ ತಡೆ. ಆದುದರಿಂದ ರೈತರು ಕೊಯ್ದ ಗೊಂಚಲುಗಳನ್ನು ಒಂದು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಒಂದು ಲೀಟರ್ ನೀರಿಗೆ ಸುಮಾರು ೨೫ ಗ್ರಾಂ ಪೊಟಾಸಿಯಂ ಕಾರ್ಬೊನೇಟ್, ೧೫ ಮಿಲಿಲೀಟರ್ ಈಥೈಲ್ ಓಲಿಯೇಟ್ ಎಂಬ ಎಣ್ಣೆ. ಇದು ಮೇಣದ ಪದರದ ಏರ್ಪಾಟನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಆಗ ಎರಡು ವಾರಗಳ ಆಸುಪಾಸಿನಲ್ಲಿ ನೆರಳಿನಲ್ಲಿಯೇ ಹಣ್ಣು ಒಣಗುತ್ತದೆ.

ಇದು ಆಧುನಿಕ ರಸಾಯನಶಾಸ್ತ್ರದ ಕೊಡುಗೆಯೆಂದು ವಿದ್ಯಾರ್ಥಿಗಳೆಲ್ಲರೂ ಭಾವಿಸಿದರು. ಆದರೆ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಕೊಲುಮೆಲ್ಲ ಎಂಬ ರೋಮನ್ ಕೃಷಿಲೇಖಕನು ತನ್ನ ಗ್ರಂಥದಲ್ಲಿ ಒಣದ್ರಾಕ್ಷಿಯ ವಿಧಾನವನ್ನು ಹೇಳಿದ್ದಾನೆ: ಬೂದಿಯ ತಿಳಿಯನ್ನು ಕುದಿಸಿ, ಅದಕ್ಕೆ ತುಸು ಎಣ್ಣೆ ಬೆರೆಸಿ, ಗೊಂಚಲುಗಳನ್ನು ಅದರಲ್ಲಿ ಅದ್ದಿ ತೆಗೆದು ತಟ್ಟಿಗಳ ಮೇಲೆ ಹರಡಬೇಕು. ಕಟ್ಟಿಗೆಯ ಬೂದಿಯಲ್ಲಿ ಕರಗುವ ಕ್ಷಾರದ ಮುಖ್ಯಾಂಶ ಯಾವುದು? ಪೊಟಾಸಿಯಂ ಕಾರ್ಬೊನೇಟ್! ರೋಮನರ ಆಲಿವ್ ಎಣ್ಣೆಯ ಮುಖ್ಯ ಆಮ್ಲ ಯಾವುದು? ಓಲಿಯಿಕ್ ಆಮ್ಲ, ಈಥೈಲ್ ಓಲಿಯೇಟ್ ಅದರಿಂದಲೇ ಸಿದ್ಧವಾಗುವ ವಸ್ತು. ಎರಡು ಸಾವಿರ ವರ್ಷಗಳ ಹಿಂದಿನ ಬೂದಿಯೂ ಎಣ್ಣೆಯೂ ಹೆಸರು ಬದಲಾಯಿಸಿಕೊಂಡು ನಮ್ಮ ಬಾಗಲಕೋಟೆಯ ಶೆಡ್ಡಿನಲ್ಲಿ ಕುಳಿತಿವೆ.

ಕೊಲುಮೆಲ್ಲನ ಕಾಲದ ಪಡಗಳು ಹೇಗಿದ್ದುವೆಂಬುದಕ್ಕೆ ಪಾಂಪೇ ನಗರದಲ್ಲಿ ಸಾಕ್ಷ್ಯವಿದೆ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಆ ನಗರವನ್ನು ಹೂಳಿತು. ಬಳ್ಳಿಗಳು ಸತ್ತು, ಬೇರುಗಳು ಕೊಳೆತು, ನೆಲದಲ್ಲಿ ಬೇರಿನ ಆಕಾರದ ಪೊಳ್ಳುಗಳು ಉಳಿದುವು. ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಎಂಬ ವಿದುಷಿ ೧೯೬೦ರ ದಶಕದಿಂದ ಅಲ್ಲಿ ಅಗೆತ ನಡೆಸಿ, ಪೊಳ್ಳುಗಳಲ್ಲಿ ಸಿಮೆಂಟು ಎರೆದು ಬೇರುಗಳ ಅಚ್ಚು ತೆಗೆದರು. ಬಯಲಂತೆ ಕಾಣುತ್ತಿದ್ದ ಜಾಗವೊಂದು ಸಾಲುಸಾಲಾಗಿ ಬಳ್ಳಿ ನೆಟ್ಟ ದ್ರಾಕ್ಷಿತೋಟವಾಗಿತ್ತೆಂಬುದು ಹೀಗೆ ತಿಳಿದುಬಂತು. ಅಲ್ಲಿ ಬೂದಿ ಒಂದು ಪಡವನ್ನು ಕೊಂದು ಅದರ ನೆನಪನ್ನು ಉಳಿಸಿತು. ಇಲ್ಲಿ ಬೂದಿಯ ಸತ್ತ್ವ ಹಣ್ಣನ್ನು ಒಣಗಿಸಿ ಉಳಿಸುತ್ತದೆ.

ಒಣಗಿಸುವಿಕೆಯ ಲೆಕ್ಕ ಸುಲಭ. ನೂರು ಕಿಲೋ ಮಾಗಿದ ಹಣ್ಣಿನಲ್ಲಿ ಸಕ್ಕರೆ ಮೊದಲಾದ ಘನಾಂಶ ೨೨ ಕಿಲೋ, ಉಳಿದುದು ನೀರು. ಒಣದ್ರಾಕ್ಷಿಯಲ್ಲಿ ನೂರಕ್ಕೆ ೧೫ರಷ್ಟು ನೀರು ಉಳಿಯಬೇಕು. ಹಾಗಾದರೆ ನೂರು ಕಿಲೋ ಹಣ್ಣಿಗೆ ಸುಮಾರು ೨೬ ಕಿಲೋ ಒಣದ್ರಾಕ್ಷಿ. ನಾಲ್ಕಕ್ಕೆ ಒಂದೆಂದು ರೈತರು ಹೇಳುವುದು ಇದನ್ನೇ. ಒಂದು ಟನ್ ಹಣ್ಣಿನಿಂದ ೭೪೦ ಲೀಟರ್ ನೀರು ಗಾಳಿಗೆ ಹೋಗಬೇಕು. ಅದಕ್ಕೆ ಬೇಕಾದ ಗುಪ್ತೋಷ್ಣ ೫೦೦ ಯೂನಿಟ್ ವಿದ್ಯುತ್ತಿಗೆ ಸಮ. ಒಣಗಾಳಿ ಇಷ್ಟನ್ನೂ ಬಿಲ್ಲಿಲ್ಲದೆ ಮಾಡಿಕೊಡುತ್ತದೆ. ಅದಕ್ಕೆ ಬಾಯಾರಿಕೆಯಿದ್ದರೆ ಮಾತ್ರ.

ಮೋಡ

ನಾಲ್ಕು ಗಂಟೆಯ ಹೊತ್ತಿಗೆ ಆಗ್ನೇಯದಲ್ಲಿ ಕಪ್ಪು ಮೋಡ ಎದ್ದಿತು. ಮಾತಾಡುತ್ತಿದ್ದ ಯಜಮಾನರು ಸುಮ್ಮನಾದರು. ಶೆಡ್ಡಿನಲ್ಲಿದ್ದುದು ಅವರ ಒಂದು ವರ್ಷದ ದುಡಿಮೆ. ಬ್ಯಾಂಕಿನ ಸಾಲದ ಕಂತೂ ಮಗಳ ಕಾಲೇಜಿನ ಶುಲ್ಕವೂ ಆ ಬಲೆಗಳ ಮೇಲೆಯೇ ಹರಡಿದ್ದುವು. ಅರೆಬರೆ ಒಣಗಿದ ಹಣ್ಣಿನ ಮೇಲೆ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ಬೂಸು ಹಿಡಿಯುತ್ತದೆ.

“ಈಗಲೇ ತಾಡಪತ್ರಿ ಕಟ್ಟಿಬಿಡೋಣ” ಎಂದು ಹುಡುಗರು ಎದ್ದರು. ಯಜಮಾನರು ತಡೆದರು. ಬದಿಗಳನ್ನು ಮುಚ್ಚಿದರೆ ಮಳೆ ಒಳಗೆ ಬರುವುದಿಲ್ಲ, ನಿಜ. ಆದರೆ ಗಾಳಿಯೂ ಬರುವುದಿಲ್ಲ. ಹಣ್ಣಿನಿಂದ ಹೊರಟ ಆವಿ ಒಳಗೇ ತಂಗುತ್ತದೆ. ಸೆಕೆಯಲ್ಲಿ ಬೂಸು ಬೆಳೆಯಲು ಅದೇ ಸಾಕು. ಬೇಗ ಮುಚ್ಚಿದರೂ ಕೇಡು, ತಡವಾಗಿ ಮುಚ್ಚಿದರೂ ಕೇಡು.

ಅವರ ಮಗಳು ಏನೂ ಮಾತಾಡದೆ ಉಷ್ಣಮಾಪಕಗಳನ್ನು ತೆಗೆದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತು ಐದೈದು ನಿಮಿಷಕ್ಕೊಮ್ಮೆ ಓದತೊಡಗಿದಳು. ನಾಲ್ಕೂವರೆಗೆ ಒಣ ಬುರುಡೆ ೩೦ ಡಿಗ್ರಿಗೆ ಇಳಿದಿತ್ತು. ಒದ್ದೆ ಬುರುಡೆ ೨೪ಕ್ಕೆ ಏರಿತ್ತು. ಆರ್ದ್ರತೆ ನೂರಕ್ಕೆ ೬೧. ಸಂತೃಪ್ತ ಒತ್ತಡ ಪಾದರಸದ ೩೨ ಮಿಲಿಮೀಟರ್, ಇದ್ದುದು ೨೦. ಬೆಳಗ್ಗೆ ೩೦ ಇದ್ದ ಗಾಳಿಯ ಬಾಯಾರಿಕೆ ಈಗ ೧೨. “ಅಪ್ಪಾ, ಇನ್ನ ತೆರದಿಟ್ರೂ ಅಷ್ಟೇನೂ ಒಣಗಾಂಗಿಲ್ಲ. ಮುಚ್ಚಿದ್ರ ಲುಕ್ಸಾನ ಕಡಿಮಿ” ಎಂದಳು.

ತಂದೆ ಕೊರಳ ಮೇಲೆ ಕೈಯಾಡಿಸಿಕೊಂಡು ನಕ್ಕರು. “ಹೌದವ್ವಾ. ಮೈಮ್ಯಾಲಿನ ಬೆವರs ಒಣಗವಲ್ದು. ದ್ರಾಕ್ಷಿ ಹೆಂಗ ಒಣಗೀತು? ಕಟ್ರಿ ಇನ್ನ.”

ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ತತ್ತ್ವವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಬೆವರಿದ ಮೈ ಒದ್ದೆ ಬುರುಡೆಯಲ್ಲದೆ ಬೇರೇನು?

ಇಪ್ಪತ್ತೆರಡು ಮಂದಿಯೂ ಹಗ್ಗ ಹಿಡಿದೆವು. ಗಾಳಿ ಬೀಸುವ ಕಡೆಯನ್ನು ಮೊದಲು ಕಟ್ಟಿದೆವು. ಮಳೆ ಕಾಲು ಗಂಟೆ ಮಾತ್ರ ಸುರಿಯಿತು. ನಿಂತೊಡನೆ ಯಜಮಾನರು ತಾಡಪತ್ರಿಗಳನ್ನು ಬಿಚ್ಚಿಸಿದರು. ಒಂದು ಮೂಲೆಯಲ್ಲಿ ಗಂಟು ಸಡಿಲಿ ಕೊನೆಯ ಸಾಲಿಗೆ ಎರಚಲು ಬಡಿದಿತ್ತು. ಆ ಹಣ್ಣಿನ ಬಣ್ಣ ಕಂದಾಗಿ ಬೆಲೆ ಇಳಿಯುವುದೆಂದು ಅವರು ಮರುಗಿದರು. ಉಳಿದುದು ಉಳಿಯಿತು. ಆ ಗಂಟನ್ನು ಹಾಕಿದ್ದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಕೊನೆಯ ಲೆಕ್ಕ

ಬಸ್ಸಿನಲ್ಲಿ ಮರಳುವಾಗ ವಿದ್ಯಾರ್ಥಿಗಳು ಕೊನೆಯ ಲೆಕ್ಕವನ್ನು ಮುಗಿಸಿದರು. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋ ಹಣ್ಣು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ೧,೧೬೦ ಲೀಟರ್ ನೀರು. ಇದರಲ್ಲಿ ಶೆಡ್ಡಿನಲ್ಲಿ ಆರಿದುದು ಮೂರು ಲೀಟರ್ ಮಾತ್ರ! ಉಳಿದುದೆಲ್ಲವೂ ಬಹುಮಟ್ಟಿಗೆ ಪಡದಲ್ಲಿಯೇ, ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ, ಮಣ್ಣಿನ ಮೈಯಿಂದ, ಆಕಾಶಕ್ಕೆ ಏರಿದೆ. ಎಲೆಯಿಂದ ಹೋದುದು ವ್ಯರ್ಥವಲ್ಲ. ಆ ರಂಧ್ರಗಳು ತೆರೆದಿದ್ದರಲ್ಲವೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಒಳಹೊಕ್ಕು ಸಕ್ಕರೆಯಾಗುವುದು? ಆದರೆ ಮಣ್ಣಿನಿಂದ ಸುಮ್ಮನೆ ಆರಿದ ಪ್ರತಿ ಲೀಟರೂ ಬಿಸಿಲಿಗೆ ತೆತ್ತ ದಂಡ. ಈ ದಂಡವನ್ನು ತಗ್ಗಿಸುವ ಉಪಾಯವೇ ಈ ನಾಡಿನ ಬದುಕಿನ ಉಪಾಯ. ಬಾದಾಮಿಯ ಕೆರೆಯಲ್ಲಿ ಅದು ಬಂಡೆಗಳ ನಡುವಿನ ಆಳದ ರೂಪದಲ್ಲಿದೆ. ಪಡದಲ್ಲಿ ಬಳ್ಳಿಯ ಬುಡದ ಹನಿಯ ರೂಪದಲ್ಲಿದೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ಬಾದಾಮಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಒಂದೇ ಅಳತೆಯ ನೀರನ್ನು ಒಂದು ತಟ್ಟೆಯಲ್ಲಿಯೂ ಒಂದು ಲೋಟದಲ್ಲಿಯೂ ಹಾಕಿ ಮನೆಯ ಮಾಳಿಗೆಯ ಮೇಲೆ ಇಡಿ. ಎರಡು ಉಷ್ಣಮಾಪಕಗಳಿದ್ದರೆ ಒಂದಕ್ಕೆ ಒದ್ದೆಬಟ್ಟೆ ಸುತ್ತಿ ದಿನಕ್ಕೆ ಮೂರು ಬಾರಿ ಓದಿ ಬರೆದಿಡಿ. ಸಂಜೆ ಎರಡು ಪಾತ್ರೆಗಳಲ್ಲಿಯೂ ಉಳಿದ ನೀರನ್ನು ಅಳೆಯಿರಿ. ಒಂದು ವಾರದಲ್ಲಿ ನಿಮ್ಮೂರಿನ ಬಿಸಿಲಿನ ಬಾಯಾರಿಕೆ ಎಷ್ಟೆಂಬುದು ನಿಮಗೇ ತಿಳಿಯುವುದು.

ಆ ವಿದ್ಯಾರ್ಥಿನಿ ಪ್ರವಾಸದ ಮರುವಾರ ನನ್ನ ಬಳಿಗೆ ಬಂದು, ಹಳೆಯದಾದರೂ ಚಿಂತೆಯಿಲ್ಲ, ಎರಡು ಉಷ್ಣಮಾಪಕಗಳನ್ನು ರಜೆಯ ದಿನಗಳಿಗೆ ಕೊಡಬಹುದೇ ಎಂದು ಕೇಳಿದಳು. ಕೊಟ್ಟೆನು. ಅವು ಈಗ ಶೆಡ್ಡಿನ ಬಾಗಿಲ ಕಂಬಕ್ಕೆ ತೂಗುಹಾಕಲ್ಪಟ್ಟಿವೆ. ತಂದೆಯವರು ಮೊದಲು ಕೊರಳನ್ನು ಮುಟ್ಟಿ ನೋಡಿಕೊಂಡು, ಆಮೇಲೆ ಉಷ್ಣಮಾಪಕಗಳನ್ನು ಓದುತ್ತಾರಂತೆ.